ಚಿಕ್ಕಜ್ಜಿಯ ನಲವತ್ತನೆಯ ಸಾವು

ನಮ್ಮ ಚಿಕ್ಕಜ್ಜಿ ಇದುವರೆಗೆ ನಲವತ್ತು ಸಲ ಸತ್ತಿದ್ದಾಳೆ. ಗಾಬರಿ ಬೇಡ, ಆರೋಗ್ಯವಾಗಿದ್ದಾಳೆ. ನಾನಿದನ್ನು ಬರೆಯುತ್ತಿರುವ ಈ ಹೊತ್ತಿಗೂ ಜಗಲಿಯ ಮೇಲೆ ಕಾಲು ಚಾಚಿ ಕೂತು, ಅವರೆಕಾಯಿ ಸುಲಿಯುತ್ತಾ, ಎದುರುಮನೆಯ ಹುಂಜವನ್ನು ಅದರ ಮೂರು ತಲೆಮಾರಿನ ಸಮೇತ ಬೈಯುತ್ತಿದ್ದಾಳೆ. ನಲವತ್ತು ಸಲ ಸತ್ತವರ ಗಂಟಲು ಇಷ್ಟು ಗಟ್ಟಿಯಾಗಿರುತ್ತದೆಂದು ಯಾವ ಡಾಕ್ಟರು ತಾನೇ ನಂಬಿಯಾರು! ಈ ನಲವತ್ತರಲ್ಲಿ ಮೂವತ್ತೊಂಬತ್ತು ಸಾವಿಗೆ ಆಯಾ ಸಿನಿಮಾದ ನಿರ್ದೇಶಕರು ಹೊಣೆ. ಉಳಿದ ಒಂದಕ್ಕೆ ನಾನು.

ಹಳೆಯ ಕಪ್ಪು-ಬಿಳುಪು ಸಿನಿಮಾಗಳಲ್ಲಿ ನಾಯಕನಿಗೊಬ್ಬ ತಾಯಿ ಇರುತ್ತಿದ್ದಳಲ್ಲ? ತೇಪೆ ಹಾಕಿದ ಸೀರೆ ಉಟ್ಟು, ಹೊಲಿಗೆ ಮೆಷಿನ್ ತುಳಿದು ಮಗನನ್ನು ಓದಿಸಿ, ಮಗ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ "ಅಮ್ಮಾ!" ಎಂದು ಓಡಿಬರುವ ಹೊತ್ತಿಗೆ ಸರಿಯಾಗಿ ಎರಡು ಸಲ ಕೆಮ್ಮಿ ಪ್ರಾಣ ಬಿಡುವವಳು? ಅವಳೇ ನಮ್ಮ ಚಿಕ್ಕಜ್ಜಿ. ಅಂದರೆ ನನ್ನ ತಾಯಿಯ ತಾಯಿಯ ತಂಗಿ. ಯಾವ ಸಿನಿಮಾದಲ್ಲೂ ಇಂಟರ್ವಲ್ ದಾಟಿ ಬದುಕಿದವಳಲ್ಲ.

ಸತ್ತ ಬಗೆಗಳಾದರೂ ಎಷ್ಟು! ಕ್ಷಯ ಬಂದು ಸತ್ತಿದ್ದಾಳೆ, ಮೆಟ್ಟಿಲಿನಿಂದ ಉರುಳಿ ಸತ್ತಿದ್ದಾಳೆ, ಮಗನಿಗೆ ಜೈಲಾಯಿತೆಂಬ ತಂತಿ ಓದಿ ಸತ್ತಿದ್ದಾಳೆ, ಇನ್ನೊಂದರಲ್ಲಿ ಮಗ ಜೈಲಿನಿಂದ ಬಿಡುಗಡೆಯಾದನೆಂಬ ತಂತಿ ಓದಿಯೂ ಸತ್ತಿದ್ದಾಳೆ. ಮತ್ತೊಂದರಲ್ಲಿ ರಬ್ಬರಿನ ನಾಗರಹಾವು ಕಚ್ಚಿತು. ಆ ಹಾವು ಒದಗಿಸಿದವರ ಹೆಸರು ಟೈಟಲ್ಲಿನಲ್ಲಿ ಬಂತು, ಕಚ್ಚಿಸಿಕೊಂಡವಳದು ಬರಲಿಲ್ಲ. ಚಿಕ್ಕಜ್ಜಿಯ ಹೆಸರು ಯಾವಾಗಲೂ 'ಮತ್ತು ಇತರರು' ಎಂದೇ ಬರುತ್ತಿತ್ತು. ಟೀವಿಯಲ್ಲಿ ಹಳೇ ಸಿನಿಮಾ ಶುರುವಾದರೆ ಸಾಕು, ಅಡುಗೆಮನೆ, ಹಿತ್ತಲು, ಬಚ್ಚಲು ಎಲ್ಲಿದ್ದರೂ ನಮ್ಮನ್ನೆಲ್ಲ ಕೂಗಿ ಎಳೆತರುತ್ತಾಳೆ.

"ಬನ್ರೋ, ಬನ್ರೋ, ನನ್ನೆಸ್ರು ಬತ್ತಾದೆ!"

ಸೋಪಿನ ಕಣ್ಣಲ್ಲೇ ಓಡಿಬಂದು ನೋಡಿದರೆ 'ಮತ್ತು ಇತರರು'.

"ನೋಡ್ದೇನ್ಲಾ? ಅದು ನಾನೇಯ."

ಇಂಥ ಕಸುಬಿನಿಂದ ಅವಳಿಗೆ ಅಂಟಿದ ಒಂದು ಅಭ್ಯಾಸವನ್ನು ಇಲ್ಲೇ ಹೇಳಿಬಿಡಬೇಕು. ಯಾರಾದರೂ "ಕಟ್!" ಎನ್ನುವ ತನಕ ಅವಳು ಮಲಗಿದಲ್ಲಿಂದ ಏಳುವುದಿಲ್ಲ. ನಿಮ್ಮ ಮನೆಗಳಲ್ಲಿ ಬೆಳಿಗ್ಗೆ ಸುಪ್ರಭಾತ ಕೇಳಿಸಿದರೆ, ಪಾಂಡವಪುರದ ನಮ್ಮ ಮನೆಯಲ್ಲಿ "ಕಟ್!" ಎಂದು ಕೇಳಿಸುತ್ತದೆ. ಬೀದಿಗೆ ಮುಖ ಮಾಡಿದ ಜಗಲಿಯ ಮಂಚದ ಮೇಲೆ, ಕುತ್ತಿಗೆಯ ತನಕ ಬಿಳಿ ಹೊದಿಕೆ ಎಳೆದುಕೊಂಡು, ಎದೆಯ ಮೇಲೆ ಕೈ ಜೋಡಿಸಿಕೊಂಡು, ಅಂಗಾತ ಮಲಗುವುದು ಅವಳ ಪದ್ಧತಿ. ನಮ್ಮಮ್ಮ ಬಂದು ಕರೆಯುತ್ತಾಳೆ: "ಚಿಕ್ಕವ್ವಾ, ಕಾಫಿ ಆರೋಯ್ತದೆ ಏಳು." ಅಲುಗಾಟವಿಲ್ಲ. "ಚಿಕ್ಕವ್ವಾ, ನಲ್ಲೀಲಿ ನೀರು ಬಂದದೆ." ರೆಪ್ಪೆಯೂ ಅದುರುವುದಿಲ್ಲ. ಕೊನೆಗೆ ನಾನೇ ಹೋಗಿ ಜೋರಾಗಿ "ಕಟ್!" ಎಂದರೆ, ಸ್ವಿಚ್ಚು ಒತ್ತಿದ ಹಾಗೆ ಎದ್ದು ಕೂತು, "ಎಂಗಿತ್ತು?" ಎಂದು ಕೇಳುತ್ತಾಳೆ. ನಮ್ಮಮ್ಮ ಎಷ್ಟು ಸಲ ಪ್ರಯತ್ನಪಟ್ಟರೂ ಎದ್ದಿಲ್ಲ. "ನಿಮ್ಮವ್ವ ಕಟ್ ಅಂದ್ರೆ ಬದ್ನೇಕಾಯಿ ಎಚ್ಚೋಳ್ ಅಂದಂಗಿರ್ತದೆ ಕಣ್ಲಾ, ಡೈರೆಕ್ಟ್ರು ಅಂದಂಗಿರಕಿಲ್ಲ" ಎನ್ನುವುದು ಅವಳ ದೂರು. ಹಾಗಾಗಿ ಈ ಪ್ರಪಂಚದಲ್ಲಿ ನಮ್ಮ ಚಿಕ್ಕಜ್ಜಿಯನ್ನು ಎಬ್ಬಿಸುವ ಅಧಿಕಾರವಿರುವುದು ನನಗೊಬ್ಬನಿಗೆ. ನನ್ನ ಜೀವನದಲ್ಲಿ ನನಗೆ ಸಿಕ್ಕಿರುವ ಒಂದೇ ಒಂದು ಹುದ್ದೆ ಅದು. ಉಳಿದಂತೆ ನಾನು ಮೊಬೈಲಿಗೆ ಸ್ಕ್ರೀನ್ ಗಾರ್ಡ್ ಅಂಟಿಸುವ ಅಂಗಡಿ ಇಟ್ಟಿದ್ದೇನೆ. ಗುಳ್ಳೆ ಬಾರದ ಹಾಗೆ ಒಂದನ್ನಾದರೂ ಅಂಟಿಸಿದ ದಿನ ಬಂದು ನಿಮಗೆ ಸಿಹಿ ಕೊಡುತ್ತೇನೆ.

ಒಮ್ಮೆ ಅವಳನ್ನು ಕರೆದುಕೊಂಡು ನಾಗಮಂಗಲಕ್ಕೆ ಮದುವೆಗೆ ಹೋಗುತ್ತಿದ್ದೆ. ಬಸ್ಸು ಭರ್ತಿ. ಅವಳಿಗೆ ಮುಂದೆ ಸೀಟು ಸಿಕ್ಕಿತು, ನಾನು ಹಿಂದಿನ ಬಾಗಿಲಲ್ಲಿ ನೇತಾಡುತ್ತಿದ್ದೆ. ನಾಗಮಂಗಲ ಬಂತು. ಕಂಡಕ್ಟರು "ಅಜ್ಜಿ, ಇಳೀರಿ" ಎಂದರು. ಅಜ್ಜಿ ಇಳಿಯಲಿಲ್ಲ. ಭುಜ ಮುಟ್ಟಿದರು, ತಲೆ ಪಕ್ಕಕ್ಕೆ ವಾಲಿತು! ಕಂಡಕ್ಟರ ಮುಖ ಟಿಕೆಟ್ಟಿನ ಹಾಗೆ ಬಿಳುಚಿಕೊಂಡಿತು. "ಯಾರ್ರಿ ಈ ಅಜ್ಜಿ ಕಡೆಯೋರು? ಅಜ್ಜಿ ಓಗ್ಬುಟ್ಟವ್ರೆ!" ಎಂದು ಕೂಗಿದರು. ಹೆಂಗಸರು ಲೊಚಗುಟ್ಟಿದರು. ಪಕ್ಕದ ಸೀಟಿನವಳು ಆಗಲೇ ಸೆರಗು ಬಾಯಿಗಿಟ್ಟುಕೊಂಡಿದ್ದಳು. ನಾನು ಹಿಂದಿನಿಂದಲೇ ಸಮಾಧಾನವಾಗಿ "ಕಟ್!" ಎಂದೆ. ಅಜ್ಜಿ ಎದ್ದು, ಸೆರಗು ಕೊಡವಿ, "ಎಂಗಿತ್ತು?" ಎಂದು ಕಂಡಕ್ಟರನ್ನೇ ಕೇಳಿದಳು. ಅವತ್ತಿನಿಂದ ಆ ಕಂಡಕ್ಟರು ನಮ್ಮನ್ನು ಕಂಡರೆ ಸೀಟು ಖಾಲಿಯಿದ್ದರೂ ರೈಟ್ ರೈಟ್ ಎಂದುಬಿಡುತ್ತಾರೆ.

ಈ 'ಕಟ್' ಹುಟ್ಟಿದ ಕತೆ ಅವಳ ಬಾಯಿಂದಲೇ ಕೇಳಬೇಕು. ಮದುವೆಯಾದ ಎರಡನೇ ವರ್ಷ ಅವಳು ತವರೂರು ಪಾಲಹಳ್ಳಿಗೆ ಬಂದಿದ್ದಳಂತೆ. ಆಗ ಪಕ್ಕದ ಕನ್ನಂಬಾಡಿ ಕಟ್ಟೆಯ ಕಡೆ ಸದಾ ಶೂಟಿಂಗು. ಅವತ್ತು ಇವರ ಕಣದಲ್ಲೇ ಶೂಟಿಂಗು. ನಾಯಕನ ತಾಯಿ ಹುಲ್ಲಿನ ಮೆದೆಯ ಪಕ್ಕ ಸತ್ತು ಬಿದ್ದಿರಬೇಕು, ಆದರೆ ತಾಯಿಯ ಪಾರ್ಟಿನವರು ಬಿಸಿಲಿಗೆ ಬೇಜಾರಾಗಿ ಕಾರು ಹತ್ತಿ ಹೋಗಿಬಿಟ್ಟಿದ್ದರು. ಹಾಲಿನ ಚೊಂಬು ಹಿಡಿದು ನೋಡುತ್ತಾ ನಿಂತಿದ್ದ ನಮ್ಮ ಚಿಕ್ಕಜ್ಜಿಯನ್ನು ಡೈರೆಕ್ಟರು ಕರೆದು, "ಸುಮ್ನೆ ಮಲಗಿರ್ತೀಯೇನಮ್ಮ?" ಎಂದರು. ಇವಳು ಮಲಗಿದಳು. ಇರುವೆ ಕಚ್ಚಿದರೂ ಅಲುಗಲಿಲ್ಲ. ಮೂಗಿನ ಮೇಲೆ ನೊಣ ಕೂತು ಎದ್ದು ಮತ್ತೆ ಕೂತರೂ ಅಲುಗಲಿಲ್ಲ. ಡೈರೆಕ್ಟರು "ಕಟ್!" ಎಂದರು. ಎಲ್ಲರೂ ಎದ್ದರು, ಇವಳೊಬ್ಬಳು ಏಳಲಿಲ್ಲ. ಊಟದ ಗಂಟೆಯಾಯಿತು. ಬಾಳೆಲೆ ಹಾಕಿದರು, ಬಡಿಸಿದರು. ಆಗಲೂ ಏಳಲಿಲ್ಲ! ಮಲಗು ಎಂದವರೇ ಏಳು ಎನ್ನದೆ ಏಳುವುದು ಹೇಗೆ? ನಿಜಕ್ಕೂ ಸತ್ತೇಹೋದಳೆಂದು ಯೂನಿಟ್ಟಿನವರೆಲ್ಲ ಹಿಂದಕ್ಕೆ ಸರಿದು ನಿಂತರು.

ಕೊನೆಗೆ ಸ್ಟಿಲ್ ಫೋಟೋ ತೆಗೆಯಲು ಬಂದಿದ್ದ ಶ್ರೀರಂಗಪಟ್ಟಣದ ಸಾಬರೊಬ್ಬರು ಹತ್ತಿರ ಬಂದು ಬಗ್ಗಿ, "ಬೆಹನ್, ಕಟ್ ಅಂದ್ರೆ ಏಳ್ಬೋದು. ಸಾವು ಮುಗೀತು ಅಂತ ಅರ್ಥ" ಎಂದರಂತೆ.

"ಅಂಗಾರೆ ಮೊದ್ಲೇ ಯೋಳ್ಬಾರ್ದಾ!" ಎಂದು ಇವಳು ದಿಗ್ಗನೆ ಎದ್ದು ಕೂತಳಂತೆ, ತಲೆತುಂಬ ಹುಲ್ಲು. ಡೈರೆಕ್ಟರು ಕೈಮುಗಿದು, "ಇಷ್ಟು ಚೆನ್ನಾಗಿ ಸಾಯೋರನ್ನ ನಾನು ಕಂಡಿಲ್ಲ ತಾಯಿ, ಮುಂದಿನ ಸಿನಿಮಾಕ್ಕೂ ಬಾ" ಎಂದರಂತೆ.

ಮನೆಗೆ ಬಂದು ಗಂಡನನ್ನು, ಅಂದರೆ ನಮ್ಮ ತಾತನನ್ನು, ಕೇಳಿದಳು. ತಾತ ಇಲ್ಲಿ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕೆಲಸದಲ್ಲಿದ್ದವರು. ಎಲ್ಲವನ್ನೂ ತೂಗಿ ನೋಡುವ ಆಸಾಮಿ. ಮೂರು ದಿನ ಯೋಚಿಸಿ ಹೇಳಿದರಂತೆ: "ಬದ್ಕಿರೋ ಪಾರ್ಟು ಬ್ಯಾಡ ಕಣಮ್ಮಿ. ಬದ್ಕಿರೋ ಪಾರ್ಟಾದ್ರೆ ಈರೋ ಕೈ ಇಡ್ಕತಾನೆ, ಮರ ಸುತ್ತುಸ್ತಾನೆ. ಸಾಯೋ ಪಾರ್ಟಾದ್ರೆ ಧಾರಾಳ್ವಾಗಿ ಓಗ್ಬುಟ್ಟು ಬಾ. ಸತ್ತೋರ್ ತಂಟೆಗೆ ಯಾರ್ ಬತ್ತಾರೆ?"

ಇಂಥ ತರ್ಕಕ್ಕೆ ಯಾವ ಲಾಯರು ಎದುರು ನಿಂತಾನು ಹೇಳಿ! ಹೀಗೆ ಇಪ್ಪತ್ತೊಂದರ ನಮ್ಮ ಚಿಕ್ಕಜ್ಜಿ ತಲೆಗೆ ಪೌಡರು ಬಳಿದುಕೊಂಡು, ನಲವತ್ತು ದಾಟಿದ ನಾಯಕರಿಗೆಲ್ಲ ತಾಯಿಯಾಗಿ, ಅವರ ತೊಡೆಯ ಮೇಲೆ ತಲೆಯಿಟ್ಟು ಸಾಲಾಗಿ ಸಾಯತೊಡಗಿದಳು. "ಎತ್ತವ್ವನಿಗಿಂತ ಮಗನೇ ಇಪ್ಪತ್ತೊರ್ಸ ದೊಡ್ಡೋನು. ಕರ್ನಾಟಕ್ದಲ್ ಯಾರೂ ಕೇಳ್ಲಿಲ್ಲ ಕಣ್ಲಾ" ಎಂದು ಈಗಲೂ ನಗುತ್ತಾಳೆ.

ಬಣ್ಣದ ಸಿನಿಮಾ ಬಂತು. ಕೆಮ್ಮಿ ಸಾಯುವ ತಾಯಂದಿರಿಗೆ ಬೇಡಿಕೆ ಕಡಿಮೆಯಾಯಿತು, ನಾಯಕನ ತಾಯಿ ಸಿನಿಮಾ ಶುರುವಾಗುವ ಮೊದಲೇ ಸತ್ತಿರುವ ಕಾಲ ಬಂತು. ಆಗ ಚಿಕ್ಕಜ್ಜಿಯ ಬದಲು ಚಿಕ್ಕಜ್ಜಿಯ ಫೋಟೋ ಸಾಕಾಯಿತು. ಗೋಡೆಯ ಮೇಲೆ ಅವಳ ಫೋಟೋ, ಅದಕ್ಕೊಂದು ಶ್ರೀಗಂಧದ ಹಾರ, ಕೆಳಗೊಂದು ದೀಪ. ಅದರ ಮುಂದೆ ನಿಂತು ನಾಯಕ "ಸೇಡು ತೀರಿಸ್ಕೋತೀನಮ್ಮ!" ಎಂದು ಕಿರುಚಬೇಕು. ಆ ಫೋಟೋ ಎಷ್ಟು ಸಿನಿಮಾದಲ್ಲಿ ನಟಿಸಿತೆಂದರೆ, ಅದಕ್ಕೆ ಗುಂಡೇಟು ಬಿದ್ದಿದೆ, ಖಳನಾಯಕ ಬಾಗಿಲು ಬಡಿದಾಗ ಕೆಳಗುದುರಿ ಒಡೆದಿದೆ, ಒಂದರಲ್ಲಂತೂ ಅದರ ಹಿಂದೆ ಆಸ್ತಿಯ ಉಯಿಲು ಸಿಕ್ಕಿದೆ. ಟೀವಿಯಲ್ಲಿ ಆ ಗೋಡೆ ಬಂದಾಗಲೆಲ್ಲ ಚಿಕ್ಕಜ್ಜಿ ನನ್ನ ತೊಡೆಗೆ ಗುದ್ದುತ್ತಾಳೆ.

"ನೋಡ್ಲಾ, ನೋಡ್ಲಾ! ಏನ್ ಆಕ್ಟಿಂಗು! ಅವ್ನು ಅಷ್ಟ್ ಅರಚ್ಕತಾವ್ನೆ, ನಾನು ಕಣ್ ಮಿಟುಕ್ಸಿದ್ನಾ?"

"ಅದು ಫೋಟೋ ಕಣಜ್ಜಿ!"

"ಫೋಟೋ ಆದ್ರೆ ಏನು, ಆಕ್ಟಿಂಗ್ ಆಕ್ಟಿಂಗೇಯ."

ಕಸುಬಿನ ಅಭಿಮಾನ ಒಳ್ಳೆಯದೇ. ಆದರೆ ಅವಳನ್ನು ನಿಜವಾದ ಸಾವಿನ ಮನೆಗೆ ಕರೆದುಕೊಂಡು ಹೋಗಬಾರದು. ನಾನು ಹೋದೆ. ಸಂತೆಬಾಚಹಳ್ಳಿಯಲ್ಲಿ ದೂರದ ಸಂಬಂಧದ ಅಜ್ಜನೊಬ್ಬ ತೀರಿಹೋಗಿದ್ದ. ಎಲ್ಲರೂ ಗೋಳಾಡುತ್ತಿದ್ದರೆ ನಮ್ಮ ಚಿಕ್ಕಜ್ಜಿ ಹೆಣದ ಸುತ್ತ ಒಂದು ಸುತ್ತು ಹಾಕಿ, ತಲೆ ಈ ಕಡೆ ವಾಲಿಸಿ, ಆ ಕಡೆ ವಾಲಿಸಿ ನೋಡಿ, ನನ್ನ ಕಿವಿಯಲ್ಲಿ ಹೇಳುವಂತೆ ಇಡೀ ಮನೆಗೆ ಕೇಳಿಸಿದಳು: "ಬಾಯಿ ಇಷ್ಟ್ ತೆರೀಬಾರ್ದು ಕಣ್ಲಾ. ಕ್ಲೋಸಪ್ಪಲ್ಲಿ ಅಲ್ಲು ಕಾಣ್ತದೆ." ನಮಗೆ ಅಲ್ಲಿ ಕಾಫಿಯನ್ನೂ ಕೊಡಲಿಲ್ಲ.

ಇಷ್ಟೆಲ್ಲ ನಗಾಡುವವಳು ಒಂದು ವಿಷಯದಲ್ಲಿ ಮಾತ್ರ ನಗುತ್ತಿರಲಿಲ್ಲ. ಪೋಸ್ಟರು. ಅವಳ ಕಾಲದಲ್ಲಿ ಟಾಕೀಸಿಗೆ ಹೊಸ ಸಿನಿಮಾ ಬಂದರೆ ನಮ್ಮ ಬೀದಿಯ ಕೊನೆಯ ಗೋಡೆಗೆ ಪೋಸ್ಟರು ಅಂಟಿಸುತ್ತಿದ್ದರಂತೆ. ಇವಳು ನೀರಿಗೆ ಹೋಗುವ ನೆಪದಲ್ಲಿ ಬಿಂದಿಗೆ ಹಿಡಿದು ಹೋಗಿ, ತನ್ನ ಮುಖ ಇದೆಯೇ ಎಂದು ಮೂಲೆ ಮೂಲೆ ಹುಡುಕುತ್ತಿದ್ದಳಂತೆ. ನಾಯಕ ಇರುತ್ತಿದ್ದ, ನಾಯಕಿ ಇರುತ್ತಿದ್ದಳು, ಕುದುರೆಯೂ ಇರುತ್ತಿತ್ತು. ಒಂದೇ ಒಂದು ಸಲ ಒಂದು ಕೈ ಬಂದಿತ್ತು. ನಾಯಕ ಅಳುತ್ತಾ ಹಿಡಿದುಕೊಂಡಿದ್ದ, ಬಳೆಯಿಲ್ಲದ, ಸೋತ ಕೈ. ಬೀದಿಯ ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿ, "ಆ ಕೈ ನಂದು ಕಣ್ರೇ" ಎಂದು ತೋರಿಸಿದಳಂತೆ. ಒಬ್ಬಳೂ ನಂಬಲಿಲ್ಲ. ಇವಳು ತನ್ನ ಕೈಯನ್ನು ಪೋಸ್ಟರಿನ ಪಕ್ಕ ಹಿಡಿದು ನಿಂತಳು. ಆಗಲೂ ನಂಬಲಿಲ್ಲ. ಮಾರನೆಯ ವಾರ ಅದರ ಮೇಲೆ ಬೇರೆ ಪೋಸ್ಟರು ಅಂಟಿಸಿದರು.

ಹೋದ ಸಂಕ್ರಾಂತಿ ಕಳೆದ ಮೇಲೆ ಒಂದು ದಿನ, ಸರ್ಕಲ್ಲಿನಲ್ಲಿ ಯಾರೋ ಹೊಸ ಟ್ರಾಕ್ಟರು ಕೊಂಡದ್ದಕ್ಕೆ ಕಟ್ಟಿದ್ದ ದೊಡ್ಡ ಫ್ಲೆಕ್ಸನ್ನು ನೋಡುತ್ತಾ ಹೇಳಿದಳು. "ಟ್ರಾಕ್ಟ್ರಿಗೂ ಪೋಸ್ಟ್ರು ಮಾಡವ್ರೆ. ಕಣ್ ಬುಟ್ಕಂಡಿರೋ ನನ್ ಮಕ ಒಂದ್ ಪೋಸ್ಟ್ರಲ್ಲಿ ಬರ್ಬೇಕಿತ್ತು ಕಣ್ಲಾ, ಸಾಯಕ್ ಮುಂಚೆ."

"ಯಾವ ಸಾವು ಅಜ್ಜಿ, ನಲವತ್ನೇದಾ?" ಎಂದು ನಾನು ಕಿಸಕ್ಕನೆ ನಕ್ಕೆ.

"ನಿಜವಾದ್ದು" ಎಂದಳು. ನನ್ನ ನಗು ಅಲ್ಲೇ ನಿಂತಿತು.

ಫ್ಲೆಕ್ಸು ಏನು ದೊಡ್ಡ ವಿಷಯ! ನಮ್ಮ ಕಡೆ ಟಗರು ಗೆದ್ದರೆ ಫ್ಲೆಕ್ಸು, ಮಗು ಹಲ್ಲು ಬಿಟ್ಟರೆ ಫ್ಲೆಕ್ಸು. ಕೆ.ಆರ್. ಪೇಟೆಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರುವ ಗೆಳೆಯನೊಬ್ಬ ನನಗಿದ್ದಾನೆ. ಅವಳಿಗೆ ಹೇಳದೆ ಐದು ದೀಪದ ಸರ್ಕಲ್ಲಿನಲ್ಲಿ 'ನಮ್ಮ ಹೆಮ್ಮೆಯ ಕಲಾವಿದೆ' ಎಂದು ಹನ್ನೆರಡು ಅಡಿಯ ಫ್ಲೆಕ್ಸು ಕಟ್ಟಿಸಿ, ಹಾರ ಹಾಕಿ ಸನ್ಮಾನ ಮಾಡಿಬಿಡುವುದೆಂದು ತೀರ್ಮಾನಿಸಿದೆ.

ಬೇಕಾಗಿದ್ದದ್ದು ಒಂದೇ ಒಂದು ಫೋಟೋ. ಮೊಬೈಲು ಹಿಡಿದು ಅವಳ ಮುಂದೆ ನಿಂತೆ. ಕ್ಯಾಮೆರಾ ಕಂಡ ತಕ್ಷಣ ಕಣ್ಣು ಮುಚ್ಚಿ ಕತ್ತು ವಾಲಿಸಿದಳು! ಅದು ಅವಳ ತಪ್ಪಲ್ಲ, ಐವತ್ತು ವರ್ಷದ ಅಭ್ಯಾಸ. ಅವರೆಕಾಯಿ ಸುಲಿಯುವಾಗ ಕದ್ದು ತೆಗೆದೆ, ಕೈಯಲ್ಲಿ ಕಾಯಿ ಹಿಡಿದೇ ಸತ್ತಳು. ಕಾಫಿ ಕುಡಿಯುವಾಗ ತೆಗೆದೆ, ಲೋಟದ ಸಮೇತ ಸತ್ತಳು. ಮಧ್ಯಾಹ್ನದ ಹೊತ್ತಿಗೆ ನನ್ನ ಮೊಬೈಲಿನಲ್ಲಿ ಚಿಕ್ಕಜ್ಜಿಯ ಅರವತ್ತು ಹೆಣಗಳಿದ್ದವು. ಬೇರೆ ದಾರಿಯಿಲ್ಲದೆ ಅವಳ ಟ್ರಂಕು ತೆಗೆದೆ. ಇಡೀ ಟ್ರಂಕಿನಲ್ಲಿ ಕಣ್ಣು ತೆರೆದಿದ್ದದ್ದು ಒಂದೇ ಫೋಟೋ. ಆ ಗೋಡೆಯ ಮೇಲಿನ, ಹಾರ ಹಾಕಿದ ಫೋಟೋ.

ಅದನ್ನೇ ಗೆಳೆಯನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಜೊತೆಗೆ ನನ್ನದೊಂದು ಫೋಟೋ, ಕೂಲಿಂಗ್ ಗ್ಲಾಸು ಹಾಕಿ, ಹೆಬ್ಬೆಟ್ಟು ಎತ್ತಿ, ಹಲ್ಲು ಕಿಸಿದದ್ದು. ಫ್ಲೆಕ್ಸಿನ ಮೂಲೆಯಲ್ಲಿ ನಾನೂ ಇರಬೇಡವೇ! ಆಮೇಲೆ, ಹಾರ ಅಳಿಸಿ ಹಾಕು, ಬಣ್ಣ ಹೀಗಿರಲಿ, ಅಕ್ಷರ ಹಾಗಿರಲಿ ಎಂದು ನಾಲ್ಕು ನಿಮಿಷದ ವಾಯ್ಸ್ ಮೆಸೇಜು ಕಳಿಸಿದೆ. ಈಗ ನೀವೇ ಎದೆ ಮುಟ್ಟಿಕೊಂಡು ಹೇಳಿ, ನಾಲ್ಕು ನಿಮಿಷದ ವಾಯ್ಸ್ ಮೆಸೇಜನ್ನು ಈ ಭೂಮಿಯ ಮೇಲೆ ಯಾರಾದರೂ ಪೂರ್ತಿ ಕೇಳಿದ್ದಾರೆಯೇ?

ಎರಡು ದಿನ ಬಿಟ್ಟು ಬೆಳಿಗ್ಗೆ ಬೇಗನೆ ಎದ್ದು ಸನ್ಮಾನದ ಹಾರ ತರಲು ಶ್ರೀರಂಗಪಟ್ಟಣಕ್ಕೆ ಹೋದೆ. ಅಮ್ಮ ಹಿಂದಿನ ದಿನವೇ ನಾಗಮಂಗಲಕ್ಕೆ ನೆಂಟರ ಮನೆಗೆ ಹೋಗಿದ್ದಳು. ಜಗಲಿಯ ಮಂಚದ ಮೇಲೆ ಚಿಕ್ಕಜ್ಜಿ ಎಂದಿನಂತೆ ಅಂಗಾತ ಮಲಗಿದ್ದಳು. ಬಂದಮೇಲೆ "ಕಟ್" ಎಂದರಾಯಿತು ಎಂದುಕೊಂಡೆ. ನನ್ನ ಫೋನಿನಲ್ಲಿ ಚಾರ್ಜಿರಲಿಲ್ಲ. ಮೊಬೈಲ್ ಅಂಗಡಿಯವನ ಫೋನಿನಲ್ಲಿ ಚಾರ್ಜಿದ್ದದ್ದನ್ನು ಕಂಡವರಾರು!

ಆಳೆತ್ತರದ ಸೇವಂತಿಗೆ ಹಾರ ಹೆಗಲಿಗೆ ಹಾಕಿಕೊಂಡು ಪಾಂಡವಪುರದಲ್ಲಿ ಬಸ್ಸಿಳಿದು ತಲೆಯೆತ್ತಿದೆ. ಹನ್ನೆರಡು ಅಡಿಯ ಚಿಕ್ಕಜ್ಜಿ ಕಂಡಳು. ಹಾರ ಹಾಗೆಯೇ ಇತ್ತು. ಸಾಲದ್ದಕ್ಕೆ ಎರಡು ಪಕ್ಕದಲ್ಲಿ ಎರಡು ದೀಪ, ಮೇಲೆ ಬಿಳಿ ಪಾರಿವಾಳ, 'ಭಾವಪೂರ್ಣ ಶ್ರದ್ಧಾಂಜಲಿ'. ಮೂಲೆಯಲ್ಲಿ ಹಲ್ಲು ಕಿಸಿದು ಹೆಬ್ಬೆಟ್ಟೆತ್ತಿದ ನನ್ನ ಮುಖ, ಕೆಳಗೆ 'ದುಃಖತಪ್ತ ಮೊಮ್ಮಗ'.

"ಅಯ್ಯೋ, ಇದು ತಪ್ಪಾಗಿ..." ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹೂವಿನಂಗಡಿಯ ಅಮ್ಮ ನನ್ನ ಕೈ ಹಿಡಿದುಕೊಂಡಳು. "ಸಮಾಧಾನ ಮಾಡ್ಕಳಪ್ಪ. ಈಗ ನೋಡ್ಕಂಡ್ ಬಂದೊ. ಮಲ್ಗಿರಂಗವ್ಳೆ, ಮಕ ಎಷ್ಟ್ ಲಕ್ಷಣ್ವಾಗದೆ."

ನೋಡಿಕೊಂಡು ಬಂದರೇ? ಫ್ಲೆಕ್ಸು ಸುಳ್ಳಲ್ಲ! ನಾನು ಕಟ್ಟಿಸಿದ ಫ್ಲೆಕ್ಸು ನೋಡಿ ಯಮ ವಿಳಾಸ ಹುಡುಕಿಕೊಂಡು ಬಂದುಬಿಟ್ಟನೇ? ಹಾರದ ಸಮೇತ ಬೀದಿಯುದ್ದ ಓಡಿದೆ. ಮನೆ ಮುಂದೆ ಜನವೋ ಜನ. ಊದುಬತ್ತಿಯ ಹೊಗೆ. ಮಂಚದ ಮೇಲೆ ಅವಳು, ಮೈಮೇಲೆ ಏಳು ಹಾರ, ರೆಪ್ಪೆ ಅಲುಗುತ್ತಿಲ್ಲ. ನಾನು ಕಾಲಿನ ಮೇಲೆ ಬಿದ್ದು, "ಅಜ್ಜೀ! ನಾನೇ ನಿನ್ನ ಸಾಯಿಸ್ಬುಟ್ನಲ್ಲಜ್ಜೀ!" ಎಂದು ಬೋರೆಂದೆ. ಹಿಂದೆ ನಿಂತಿದ್ದವರೊಬ್ಬರು "ಪೊಲೀಸ್ಗೆ ಯೋಳದಾ?" ಎಂದು ಪಿಸುಗುಟ್ಟಿದ್ದು ಕೇಳಿಸಿತು.

ಆಗ ಏಳು ಹಾರಗಳ ಒಳಗಿನಿಂದ, ತುಟಿ ಅಲುಗದೆ, ಸಣ್ಣಗೆ ಒಂದು ದನಿ ಬಂತು.

"ಎಲ್ಲಿಗ್ಲಾ ಓಗಿದ್ದೆ ಬೇವರ್ಸಿ? ಕಟ್ ಅನ್ಲಾ. ಸೊಂಟ ಬಿದ್ದೋಯ್ತು."

"ಕ... ಕ್ಕ... ಕ್ಕ..." ಎಂದೆ.

"ಪಾಪ, ಉಡ್ಗ ಈಗ್ಲೇ ಕಾಗೆ ಕರೀತಾವ್ನೆ" ಎಂದು ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು.

"ಕಟ್!"

ಚಿಕ್ಕಜ್ಜಿ ಏಳು ಹಾರದ ಸಮೇತ ದಿಗ್ಗನೆ ಎದ್ದು ಕೂತಳು. ಆಮೇಲೆ ಆದದ್ದನ್ನು ನಾನು ಪೂರ್ತಿ ಬಣ್ಣಿಸಲಾರೆ. ಇಬ್ಬರು ಚರಂಡಿಗೆ ಬಿದ್ದರು, ಎದುರುಮನೆಯ ಎಮ್ಮೆ ಹಗ್ಗ ಕಿತ್ತುಕೊಂಡಿತು, ಪೊಲೀಸಿಗೆ ಹೇಳೋಣವೆಂದವರು ಚಪ್ಪಲಿ ಬಿಟ್ಟೇ ಓಡಿದರು. ಆ ಚಪ್ಪಲಿ ಈಗಲೂ ನಮ್ಮ ಮನೆಯಲ್ಲಿದೆ. ಚಿಕ್ಕಜ್ಜಿ ಸೊಂಟ ನೀವಿಕೊಳ್ಳುತ್ತಾ, "ಆ ನೀಲಿ ಸೀರೆಯೋಳು ಯಾರ್ಲಾ? ಸಂದಾಕ್ ಅತ್ಲು. ಮಿಕ್ಕೋರ್ದೆಲ್ಲ ಓವರ್ರು" ಎಂದಳು.

"ಹಾರ ಹಾಕ್ದಾಗ್ಲೇ ಎದ್ದೇಳಕ್ಕೇನಾಗಿತ್ತಜ್ಜಿ?"

"ಆರ ಬಿದ್ ಮೇಲೆ ಅಳ್ಳಾಡದುಂಟೇನ್ಲಾ? ಕಸುಬಿಗೆ ಒಂದ್ ಮರ್ವಾದೆ ಬ್ಯಾಡ್ವಾ?"

ಫೋನು ಚಾರ್ಜಿಗೆ ಹಾಕಿ ಕೆ.ಆರ್. ಪೇಟೆಯ ಗೆಳೆಯನಿಗೆ ಬಾಯಿಗೆ ಬಂದಂತೆ ಬೈದೆ. ಅವನೋ ನನಗಿಂತ ಜೋರು. "ಮಗಾ, ಆರ ಆಕಿರೋ ಫೋಟೋ ಕಳ್ಸಿದ್ದೀಯ, ನಾನೇನ್ ಅನ್ಕಳ್ಳಾನ? ದುಃಖದಲ್ಲವ್ನೆ ಅಂತ ನಾನೇ ಬಂದು ಕಟ್ಟೋಗಿವ್ನಿ!"

"ವಾಯ್ಸ್ ಕೇಳ್ನಿಲ್ವೇನ್ಲಾ?"

"ನಾಕ್ ನಿಮ್ಷದ ವಾಯ್ಸು! ಅಳ್ತಾ ಇರ್ತೀಯ, ಕೇಳಕ್ಕಾಗಕಿಲ್ಲ ಅಂತ ಬುಟ್ಬುಟ್ಟೆ."

ಫೋನಿಟ್ಟೆ. ಚಿಕ್ಕಜ್ಜಿ "ಏನ್ಲಾ ಅದು, ಯಾವ ಫೋಟೋ?" ಎಂದು ಹತ್ತಿರ ಬಂದಳು. ಮುಚ್ಚಿಡಲಾಗದೆ ಎಲ್ಲ ಹೇಳಿ, ಮೊಬೈಲಿನಲ್ಲಿ ಫ್ಲೆಕ್ಸು ತೋರಿಸಿದೆ. ನಾಲ್ಕು ಬಿಡುತ್ತಾಳೆಂದು ಕೆನ್ನೆ ರೆಡಿ ಮಾಡಿಕೊಂಡಿದ್ದೆ. ಬಿಡಲಿಲ್ಲ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. ಅದೇ ಗೋಡೆ, ಅದೇ ಹಾರ, ಅದೇ ದೀಪ. "ಇಷ್ಟೇ ಬುಡು. ನಂಗೆ ಇದೇಯ" ಎಂದು ಮೊಬೈಲು ವಾಪಸ್ಸು ಕೊಟ್ಟು ಮಂಚಕ್ಕೆ ಹೋದಳು. ಗೋಡೆಗೆ ಮುಖ ಮಾಡಿ ಮಗ್ಗುಲಾಗಿ ಮಲಗಿದಳು. ನಾನು ಹುಟ್ಟಿದಾಗಿನಿಂದ ಅವಳು ಹಾಗೆ ಮಲಗಿದ್ದನ್ನು ನೋಡಿರಲಿಲ್ಲ. ಹಾಗೆ ಮಲಗಿದರೆ ಕ್ಯಾಮೆರಾಕ್ಕೆ ಮುಖ ಸಿಗುವುದಿಲ್ಲವಲ್ಲ.

ಮೊದಲ ಸಲ ನನಗೆ ಜೋಕು ಹೊಳೆಯಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಒಬ್ಬರು ಬಂದರು. ಬಿಳಿ ಗಡ್ಡ, ಬಿಳಿ ಟೋಪಿ, ಕೈಯಲ್ಲಿ ಊರುಗೋಲು, ಕಂಕುಳಲ್ಲೊಂದು ಹಳೆಯ ಲಕೋಟೆ. ಶ್ರೀರಂಗಪಟ್ಟಣದಿಂದ ಬಂದಿದ್ದೆಂದರು. ಮಗಳ ಮೊಬೈಲಿಗೆ ಯಾರೋ ಆ 'ಶ್ರದ್ಧಾಂಜಲಿ' ಕಳಿಸಿದ್ದರಂತೆ. "ಮಣ್ಣಾಗೋಯ್ತಾ ಮಗಾ? ತಡ ಆಗೋಯ್ತು ನಂದು" ಎಂದು ಕಣ್ಣು ತುಂಬಿಕೊಂಡರು. ನಾನು ಬಾಯಿ ತೆರೆಯುವ ಮೊದಲೇ ಮಂಚದ ಮೇಲಿಂದ ದನಿ ಬಂತು.

"ಯಾರು... ಸಾಬ್ರಾ?"

ಹೌದು, ಅವರೇ. ಪಾಲಹಳ್ಳಿಯ ಕಣದಲ್ಲಿ ಬಗ್ಗಿ ಅರ್ಥ ಹೇಳಿಕೊಟ್ಟ ಸ್ಟಿಲ್ ಫೋಟೋದವರು.

"ಯಾ ಅಲ್ಲಾ!" ಎಂದು ಸಾಬರು ಅಲ್ಲೇ ಜಗಲಿಯ ಮೇಲೆ ಕುಸಿದು ಕೂತರು. "ಬೆಹನ್! ಕಟ್ ಅಂದಿಲ್ವಾ ಇನ್ನೂ?"

"ಅಂದಾಯ್ತು ಸಾಬ್ರೆ, ಬೆಳಿಗ್ಗೇನೇಯ. ಇವತ್ತೂ ತಡವಾಗೇ ಅಂದ್ರು" ಎಂದು ಅವಳು ಎದ್ದು ಕೂತಳು. ನಾನು "ಕಟ್" ಎನ್ನದೆಯೇ.

ಇಬ್ಬರಿಗೂ ಕಾಫಿ ಕೊಟ್ಟೆ. ಸಾಬರು ಲಕೋಟೆಯನ್ನು ಮುಚ್ಚಿಡಲು ನೋಡಿದರು, ಚಿಕ್ಕಜ್ಜಿ ಬಿಡಲಿಲ್ಲ. "ಆ ಹಾರದ ಫೋಟೋ ನೋಡಿ ಜೀವ ತಡೀಲಿಲ್ಲ ಬೆಹನ್. ಈಗ್ಲಾದ್ರೂ ಜನ ಇದನ್ನ ನೋಡ್ಲಿ ಅಂತ ತಂದೆ" ಎಂದು ಲಕೋಟೆಯಿಂದ ಒಂದು ಫೋಟೋ ಹೊರತೆಗೆದರು.

ಹುಲ್ಲಿನ ಮೆದೆ. ಅದರ ಮುಂದೆ ಆಗಷ್ಟೇ ಎದ್ದು ಕೂತ ಇಪ್ಪತ್ತೊಂದರ ಹುಡುಗಿ. ಕೂದಲ ತುಂಬ ಹುಲ್ಲುಕಡ್ಡಿ, ಕೆನ್ನೆಯ ಮೇಲೆ ಮಣ್ಣು. ಬಾಯಿ ತುಂಬ ನಗು. ಏಳಬಹುದು ಎಂದು ಗೊತ್ತಾದ ಕ್ಷಣದ ನಗು. ಕಣ್ಣುಗಳು ನೇರವಾಗಿ ನಮ್ಮನ್ನೇ ನೋಡುತ್ತಿದ್ದವು.

"ಪ್ರೊಡ್ಯೂಸರಿಗೆ ತೋರಿಸ್ದೆ. ಸತ್ತೋಳು ನಗೋ ಫೋಟೋ ಯಾರಿಗ್ರೀ ಬೇಕು ಅಂದ್ರು. ನಂಗೆ ಬೇಕು ಅಂತ ಇಟ್ಕಂಡೆ. ಸ್ಟುಡಿಯೋ ಗೋಡೆ ಮೇಲೇ ಇತ್ತು ಅಂದಿಂದ" ಎಂದರು ಸಾಬರು.

ಚಿಕ್ಕಜ್ಜಿ ಫೋಟೋದ ಹುಡುಗಿಯ ತಲೆಯ ಮೇಲಿನ ಹುಲ್ಲುಕಡ್ಡಿಯನ್ನು ಬೆರಳ ತುದಿಯಿಂದ ತೆಗೆಯಲು ನೋಡಿದಳು.

ಈ ಸಲ ನಾನು ವಾಯ್ಸ್ ಮೆಸೇಜು ಕಳಿಸಲಿಲ್ಲ. ಲಕೋಟೆ ಎದೆಗವಚಿಕೊಂಡು ಕೆ.ಆರ್. ಪೇಟೆಗೆ ಹೋಗಿ, ಗೆಳೆಯನ ಪಕ್ಕದಲ್ಲೇ ಕುರ್ಚಿ ಹಾಕಿ ಕೂತು ಮಾಡಿಸಿದೆ. ದೀಪವಿಲ್ಲ, ಪಾರಿವಾಳವಿಲ್ಲ. ಮೂಲೆಯಲ್ಲಿ ನಾನೂ ಇಲ್ಲ. (ಗೆಳೆಯ "ಉಸಾರಾಗಿದ್ದೀಯಾ ಮಗಾ?" ಎಂದು ಹಣೆ ಮುಟ್ಟಿ ನೋಡಿದ.) ಹನ್ನೆರಡು ಅಡಿಯ ಆ ನಗು, ಕೆಳಗೆ ಅವಳ ಪೂರ್ತಿ ಹೆಸರು, ಅಷ್ಟೇ. 'ಮತ್ತು ಇತರರು' ಎಂದೂ ಇಲ್ಲ.

ಶ್ರದ್ಧಾಂಜಲಿ ಇಳಿಸಿ ಆ ಜಾಗಕ್ಕೆ ಇದನ್ನು ಕಟ್ಟಿಸಿ, ಮಾರನೆಯ ಬೆಳಿಗ್ಗೆ ಅವಳನ್ನು ಸರ್ಕಲ್ಲಿಗೆ ಕರೆದುಕೊಂಡು ಹೋದೆ. ಎದುರಿನ ಕಲ್ಲುಬೆಂಚಿನ ಮೇಲೆ ಕೂತಳು. ಹೂವಿನಂಗಡಿಯ ಅಮ್ಮ ಫ್ಲೆಕ್ಸು ನೋಡಿ, ಅವಳ ಮುಖ ನೋಡಿ, ಮತ್ತೆ ಫ್ಲೆಕ್ಸು ನೋಡಿ, "ಇದು ನೀವೇಯ!" ಎಂದಳು. ಈ ಸಲ ಪಕ್ಕದಲ್ಲಿ ಕೈಯಿಟ್ಟು ತೋರಿಸಬೇಕಾಗಲಿಲ್ಲ. ನಾಗಮಂಗಲದ ಬಸ್ಸು ನಿಂತು ಹೊರಟಿತು, ಶ್ರೀರಂಗಪಟ್ಟಣದ್ದು ಬಂತು, ಹೋಯಿತು. ಕಿಟಕಿಗಳಲ್ಲಿದ್ದವರೆಲ್ಲ ತಲೆಯೆತ್ತಿ ನೋಡಿದರು. ಚಿಕ್ಕಜ್ಜಿ ರೆಪ್ಪೆ ಬಡಿಯದೆ ಆ ಹುಡುಗಿಯನ್ನು ನೋಡುತ್ತಾ ಕೂತಿದ್ದಳು. ಬಿಸಿಲು ಏರಿತು.

"ಸಾಕು ಬಾ ಅಜ್ಜಿ, ತಲೆ ಸುಡ್ತದೆ" ಎಂದೆ.

"ಕಟ್ ಅನ್ನು, ಎದ್ ಬತ್ತೀನಿ" ಎಂದಳು, ಕಣ್ಣು ಕೀಳದೆ.

ದಿನಾ ಬೆಳಗಾದರೆ ಕೂಗುವ ಆ ಒಂದು ಮಾತು ನಾಲಿಗೆಯ ತುದಿಯ ತನಕ ಬಂತು. ಅದನ್ನು ಅಲ್ಲೇ ನುಂಗಿ, ಹೆಗಲ ಮೇಲಿನ ಟವಲು ತೆಗೆದು ಅವಳ ತಲೆಗೆ ಹಾಕಿ, ಪಕ್ಕದಲ್ಲಿ ಕೂತುಕೊಂಡೆ.